ಎಡಗಾಲಿನ ವ್ಯಾಪಾರ

ವ್ಯವಹಾರ ಸರಳವಾಗಿತ್ತು. ತಕ್ಕಡಿಯ ಒಂದು ತಟ್ಟೆಯಲ್ಲಿ ನನ್ನ ಎಡಗಾಲು, ಇನ್ನೊಂದರಲ್ಲಿ ದಿನಕ್ಕೆ ಎರಡು ಕಟ್ಟು ಬೀಡಿ. ಎರಡೂ ಬೇಕು ಎಂದರೆ ಆಗದು, ಯಾವುದಾದರೂ ಒಂದನ್ನು ಇಳಿಸಿ ಎಂದವರು ನಮ್ಮ ಅಂಗಡಿಯ ಪಕ್ಕದ ಡಾಕ್ಟರು.

ನಾನು ಬಳ್ಳಾರಿಯಲ್ಲಿ ಮೆಣಸಿನಕಾಯಿ ದಲಾಲಿ ಮಾಡಿ ಬದುಕಿದವನು. ತೂಕದ ಜಗಳ, ದರದ ಜಗಳ, ನೆನೆದ ಮಾಲಿನ ಜಗಳ ಎಲ್ಲ ನೋಡಿದ್ದೇನೆ. ಆದರೆ ಬೀಡಿ ಬಿಡಲು ಹೊರಟವರ ಸುತ್ತ ನಡೆಯುವಂಥ ತಮಾಷೆ ಬೇರೆಲ್ಲೂ ನಡೆಯುವುದಿಲ್ಲ. ಒಬ್ಬ "ಬಿಟ್ಟೆ" ಎಂದು ಬಾಯಿ ತೆರೆದರೆ ಸಾಕು, ಎಲ್ಲಿಂದಲೋ ಒಂದು ಪ್ರಸಂಗ ಹುಡುಕಿಕೊಂಡು ಬರುತ್ತದೆ. ಎಪ್ಪತ್ತರ ದಶಕದಲ್ಲಿ ನಾನು ಆ ಸಾಹಸಕ್ಕೆ ಇಳಿದಾಗ ಕಂಡದ್ದು ಇವು.

ಮೆಣಸಿನಕಾಯಿ ಕೆಮ್ಮು

ಡಾಕ್ಟರ ದವಾಖಾನೆಗೂ ನನ್ನ ಅಂಗಡಿಗೂ ನಡುವೆ ಒಂದೇ ಗೋಡೆ. ಹಿಂದೆ ಇಬ್ಬರಿಗೂ ಸೇರಿದ ಒಂದು ಹಿತ್ತಲು, ಹಿತ್ತಲಿನ ಆಚೆ ನನ್ನ ಗೋದಾಮು. ಡಾಕ್ಟರು ಮದರಾಸಿನಲ್ಲಿ ಓದಿ ಬಂದವರು. ತೆಳ್ಳನೆಯ ಆಳು, ಔಷಧ ಕಡಿಮೆ, ಪ್ರಶ್ನೆ ಜಾಸ್ತಿ.

ಎಡಗಾಲಿನ ಹೆಬ್ಬೆರಳ ಪಕ್ಕ ಒಂದು ಹುಣ್ಣು ಮಾಯದೆ ಕಾಡುತ್ತಿತ್ತು. ಅದನ್ನು ತೋರಿಸೋಣ ಎಂದು ಹೋದರೆ ಅವರು ಕಾಲು ಬಿಟ್ಟು ಕೆಮ್ಮಿನಿಂದ ಶುರು ಮಾಡಿದರು.

"ಸಾವ್ಕಾರ್ರೆ, ಈ ಕೆಮ್ಮು ಎಂದಿನಿಂದ ಐತಿ?"

"ಅದು ಮೆಣಸಿನಕಾಯಿ ಕೆಮ್ಮು ಡಾಕ್ಟ್ರೇ. ನಮ್ಮ ದಂಧೇಕ ಅದು ಇರೂದ."

ಅವರು ಎದ್ದು, ಗೋಡೆಯಾಚೆಯಿಂದ ನನ್ನ ಗುಮಾಸ್ತನನ್ನೇ ಕರೆಸಿದರು.

"ಏನಪಾ, ನೀ ಈ ಅಂಗಡ್ಯಾಗ ಎಷ್ಟ ವರ್ಷದಿಂದ ಅದಿ?"

"ಅಂಗಡಿ ಬಾಗಲಾ ತೆರದ ದಿನದಿಂದ ಅದೀನ್ರಿ."

"ಕೆಮ್ಮು ಐತೇನು?"

"ನನಗ್ಯಾಕ್ರಿ ಕೆಮ್ಮು?"

"ಬೀಡಿ ಸೇದ್ತಿಯೇನು?"

"ಇಲ್ರಿ. ಸಾವ್ಕಾರ್ರು ಸೇದೂದ ಇಬ್ಬರಿಗೂ ಸಾಕಾಗತೈತ್ರಿ."

ಸಂಬಳ ಕೊಡುವವನ ಎದುರೇ ಹೀಗೆ ಸಾಕ್ಷಿ ಹೇಳಿ ಅವನು ಹೋದ. ಡಾಕ್ಟರು ನನ್ನ ಪಾದದ ಮೇಲೆ ಎರಡು ಬೆರಳಿಟ್ಟು ನಾಡಿ ಹುಡುಕಿದರು. ಬಲಗಾಲಿನಲ್ಲಿ ಸಿಕ್ಕಿತು. ಎಡಗಾಲಿನಲ್ಲಿ ಬಹಳ ಹೊತ್ತು ಹುಡುಕಿದರು.

"ರಕ್ತ ಹೋಗೋ ನಾಳ ಮುಚ್ಚಿಕೋತ ಬಂದಾವು. ಬೀಡಿ ಮಾಡಿದ ಕೆಲಸ ಇದು. ಹಿಂಗ ಸೇದಿದ್ರ ಕಾಲು ಹೋಗತೈತಿ."

"ಪೂರಾ?"

"ಒಮ್ಮೆಲೇ ಹೋಗೂದಿಲ್ಲ. ಮೊದಲ ಬೆರಳು, ಆಮ್ಯಾಲೆ ಪಾದ, ಆಮ್ಯಾಲೆ ಮೊಣಕಾಲ ತನಕ. ಕಂತಿನ್ಯಾಗ ಹೋಗತೈತಿ."

ಕಂತು ಎಂದೊಡನೆ ನನಗೆ ಪೂರ್ತಿ ಅರ್ಥವಾಯಿತು. ಕಂತಿನಲ್ಲಿ ಹೋದ ಮಾಲು ತಿರುಗಿ ಬಂದದ್ದನ್ನು ನಾನು ಕಂಡಿಲ್ಲ.

"ಔಷಧ ಕೊಡ್ರಿ ಮತ್ತ."

"ಹುಣ್ಣಿಗೆ ಮುಲಾಮ ಕೊಡ್ತೀನಿ. ಬೀಡಿಗೆ ಔಷಧ ಇಲ್ಲ. ನಾನೂ ಓದೂ ಕಾಲಕ್ಕ ಸೇದಿ ಬಿಟ್ಟಾವನ. ಜನ್ಮಪೂರ್ತಿ ಬಿಡ್ತೀನಿ ಅಂತ ಆಣೆ ಮಾಡಬ್ಯಾಡ್ರಿ, ಮುರೀತೀರಿ. ನಾ ದಿನಾ ಮುಂಜಾನೆ ಒಂದ ಮಾತು ಕೇಳ್ತೀನಿ: ಇವತ್ತು? ಅಂತ. ನೀವು ಇವತ್ತಿಂದಷ್ಟ ಹೇಳ್ರಿ. ಸೇದಿದ್ರ ಸೇದೀನಿ ಅನ್ರಿ, ಬಯ್ಯೂದಿಲ್ಲ. ಮರುದಿನ ಮತ್ತ ಕೇಳ್ತೀನಿ."

ಫೀಸಿನ ಮಾತು ಬಂತು. ಅವರು ವಾರಕ್ಕೊಮ್ಮೆ ಸಿರುಗುಪ್ಪ, ಕುರುಗೋಡಿನ ಕಡೆ ರೋಗಿಗಳನ್ನು ನೋಡಲು ಬಸ್ಸಿನಲ್ಲಿ ನಿಂತುಕೊಂಡು ಹೋಗುತ್ತಿದ್ದರು. ಮಾಲು ಕೊಳ್ಳಲು ಅತ್ತಲೇ ಹೋಗುವ ನನ್ನ ಹತ್ತಿರ ಒಂದು ಹಳೇ ಜೀಪಿತ್ತು. ಅವರನ್ನು ಜೀಪಿನಲ್ಲಿ ನಾನು ಕರೆದೊಯ್ಯುವುದು, ನನ್ನ ಕಾಲನ್ನು ಅವರು ನೋಡಿಕೊಳ್ಳುವುದು ಎಂದು ತೀರ್ಮಾನವಾಯಿತು.

ಮನೆಗೆ ಹೋಗಿ ಬೀಡಿ ಬಿಟ್ಟೆ ಎಂದು ಹೇಳಿದೆ. ಹೆಂಡತಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

"ಮದುವ್ಯಾದಾಗಿಂದ ನಾ ಹೇಳೀನ್ರಿ. ಕಿವಿಗೆ ಕೇಳ್ಲೇ ಇಲ್ಲ, ಕಾಲಿಗೆ ಕೇಳ್ತು ನೋಡ್ರಿ!"

ಒಂದೇ ಕಡ್ಡಿ

ಸಿರುಗುಪ್ಪದ ಹತ್ತಿರ ನಾನು ಮಾಲು ಕೊಳ್ಳುತ್ತಿದ್ದ ಒಬ್ಬ ಗೌಡರಿದ್ದರು. ಬಾಯಿಂದ ದರ ಹೇಳಿದರೆ ಸುತ್ತಲಿನವರಿಗೆ ಗೊತ್ತಾಗುತ್ತದೆಂದು ಟವೆಲಿನ ಕೆಳಗೆ ಕೈ ಹಾಕಿ, ಬೆರಳು ಹಿಡಿದೇ ದರ ಕುದುರಿಸುತ್ತಿದ್ದೆವು. ಆದರೆ ಬೆರಳು ಒಪ್ಪಿದರೆ ಗೌಡರಿಗೆ ಸಾಲದು. ಕೊಡುವವನೂ ಕೊಳ್ಳುವವನೂ ಒಂದೇ ಬೆಂಕಿಕಡ್ಡಿಯಲ್ಲಿ ಬೀಡಿ ಹಚ್ಚಬೇಕು. ಹೊಗೆ ಬಂತೋ, ಮಾತು ಮುಗಿಯಿತು. ಆಮೇಲೆ ಮೇಲಿನಿಂದ ಬ್ರಹ್ಮನೇ ಇಳಿದು ಬಂದರೂ ದರ ಬದಲಾಗದು. ಅವರ ತಂದೆಯ ಕಾಲದಿಂದ ಬಂದ ಕಟ್ಟಳೆ.

ಆ ಸಲ ಬೆರಳಿನ ಕೆಲಸ ಚೆನ್ನಾಗಿಯೇ ಮುಗಿಯಿತು. ಗೌಡರು ಕಡ್ಡಿ ಗೀರಿ ತಮ್ಮ ಬೀಡಿ ಹಚ್ಚಿಕೊಂಡು, ಅದೇ ಕಡ್ಡಿ ನನ್ನತ್ತ ಹಿಡಿದರು.

"ಹಚ್ರಿ ಸಾವ್ಕಾರ್ರೆ."

"ನಾ ಬಿಟ್ಟೀನ್ರಿ ಗೌಡ್ರೆ."

"ವ್ಯಾಪಾರ ಬಿಟ್ಟೀರಿ?"

"ಬೀಡಿ ಬಿಟ್ಟೀನ್ರಿ."

ಕಡ್ಡಿ ಉರಿದು ಅವರ ಬೆರಳಿಗೆ ಬಂತು. ಅದನ್ನು ಝಾಡಿಸಿ ಎಸೆದು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಹುಟ್ಟಾ ಸೇದಿದ ಬೀಡೀನ ಬಿಟ್ಟಾವ, ನಿನ್ನೆ ಮೊನ್ನೆ ಆಡಿದ ಮಾತ ಬಿಡೂದಿಲ್ಲಂತ ಏನ ಗ್ಯಾರಂಟಿ?"

ಹೊರಗೆ ಚೀಲಗಳು ಹೊಲಿದು ಸಿದ್ಧವಾಗಿದ್ದವು. ಆಚೆ ಇನ್ನೊಬ್ಬ ದಲಾಲಿ ಮೀಸೆ ಸವರುತ್ತ ನಿಂತಿದ್ದ. ನಾನು ಚಪ್ಪಲಿ ಬಿಚ್ಚಿ ಹುಣ್ಣು ತೋರಿಸಿದೆ. ಕಂತಿನ ವಿಷಯವನ್ನೂ ಹೇಳಿದೆ. ಗೌಡರು ಬಗ್ಗಿ ನೋಡಿ ಯೋಚಿಸಿದರು.

"ಹಂಗಾದ್ರ ಸೇದಬ್ಯಾಡ್ರಿ. ಹಚ್ಚಿ ಸುಮ್ಮನ ಹಿಡಕೊಂಡ ಕುಂದರ್ರಿ. ನಮ್ಮಪ್ಪ ಹಚ್ಚಬೇಕು ಅಂದಿದ್ದ, ಸೇದಬೇಕು ಅಂದಿದ್ದಿಲ್ಲ."

ಹೊಸ ಕಡ್ಡಿ ಗೀರಿದರು. ನಾನು ಬೀಡಿ ಹಚ್ಚಿ, ತೋಳು ಎಷ್ಟು ಉದ್ದವಿದೆಯೋ ಅಷ್ಟು ದೂರ ಚಾಚಿ, ಮುಖ ಆಚೆ ತಿರುಗಿಸಿ ಕೂತೆ. ಆದರೂ ಮೂಗು ನನ್ನ ಮಾತು ಕೇಳದೆ ಆ ಕಡೆಗೇ ತಿರುಗುತ್ತಿತ್ತು. ಅಷ್ಟರಲ್ಲಿ ಒಳಗೆ ಗೌಡರ ತಾಯಿಯನ್ನು ನೋಡಲು ಹೋಗಿದ್ದ ಡಾಕ್ಟರು ಹೊರಗೆ ಬಂದರು. ಬಾಗಿಲಲ್ಲೇ ನಿಂತುಬಿಟ್ಟರು.

"ಸಾವ್ಕಾರ್ರೆ, ಇವತ್ತು?"

"ಸೇದಿಲ್ಲ ಡಾಕ್ಟ್ರೇ! ಬರೇ ಹಿಡಕೊಂಡೀನಿ!"

"ಊದಿನಕಡ್ಡಿ ಹಿಡಿದಂಗ ಹಿಡಿದೀರಲ್ರಿ, ಯಾವ ದೇವರಿಗೆ?"

ನನ್ನ ಬದಲು ಗೌಡರೇ ಹೇಳಿದರು: "ನಮ್ಮ ಮೆಣಸಿನಕಾಯಿಗ್ರಿ."

ಆ ಹಂಗಾಮು ಪೂರ್ತಿ ಹೀಗೇ ನಡೆಯಿತು. ಕೊನೆಗೆ ತಡೆಯಲಾರದೆ ಕಟ್ಟಳೆ ಮುರಿದವರು ಗೌಡರೇ. ನನ್ನ ಕೈಯಲ್ಲಿ ಬೂದಿಯಾಗುತ್ತಿದ್ದ ಬೀಡಿಯನ್ನು ನೋಡಿ ನೋಡಿ ಅವರ ಜೀವ ಹೋಗುತ್ತಿತ್ತು.

"ಸಾವ್ಕಾರ್ರೆ, ಇನ್ನ ಹಚ್ಚಬ್ಯಾಡ್ರಿ. ಹಂಗ ಕಿಸೇದಾಗ ಇಟಗೊಂಡ ಹೋಗ್ರಿ. ಒಳ್ಳೆ ಬೀಡಿ ಸುಮ್ಮನ ಸುಡೂದು ನಮ್ಮ ಮನಿತನಕ್ಕ ಒಳ್ಳೇದಲ್ಲ."

ಡಬ್ಬಿಯ ಸೋರಿಕೆ

ಡಾಕ್ಟರು ಒಂದು ಹೊಸ ಉಪಾಯ ತೆಗೆದರು. ಬೀಡಿ ಬಿಡುತ್ತೇನೆ ಎಂದವನು ಕಿಸೆಯಲ್ಲಿರುವ ಕಟ್ಟನ್ನು ದವಾಖಾನೆಯ ದೊಡ್ಡ ಬಿಸ್ಕತ್ತಿನ ಡಬ್ಬಿಗೆ ಹಾಕಿ ಹೋಗಬೇಕು. ಕಿಸೆ ಖಾಲಿಯಾದರೆ ಅರ್ಧ ಕೆಲಸ ಆದಂತೆ ಎಂದು ಅವರ ಲೆಕ್ಕ.

ಕುರುಗೋಡಿನ ಮಂದಿಗೆ ಇದು ಬಹಳ ಹಿಡಿಸಿತು. ಊರೂರಿಗೆ ಹೋಗುವಾಗ ಡಬ್ಬಿಯೂ ನಮ್ಮ ಜೊತೆ ಜೀಪು ಹತ್ತುತ್ತಿತ್ತು. ಸಂತೆ ದಿನ ಜೀಪು ನಿಲ್ಲಿಸುವುದೇ ತಡ, "ಡಬ್ಬಿ ತಂದೀರೇನ್ರಿ?" ಎಂದು ಕೇಳುತ್ತಿದ್ದರು. ಒಬ್ಬನಂತೂ ಪ್ರತಿ ವಾರ ಒಂದು ಹೊಚ್ಚ ಹೊಸ ಕಟ್ಟು ತಂದು ಹಾಕಿ ಕೈ ಮುಗಿಯುತ್ತಿದ್ದ. ಡಾಕ್ಟರಿಗೆ ಅನುಮಾನ ಬಂತು.

"ನೀ ಬಿಟ್ಟು ಎರಡು ತಿಂಗಳಾತಲ್ಲೋ? ಮತ್ತ ಈ ಬೀಡಿ ಎಲ್ಲಿಂದ ಬರ್ತಾವು?"

"ಅಂಗಡ್ಯಾಗ ಕೊಂಡು ತರ್ತೀನ್ರಿ. ಎಲ್ಲಾರೂ ಹಾಕ್ತಾರ, ನಾ ಒಬ್ಬವ ಬರಿಗೈಲೆ ಬಂದ್ರ ಛಲೋ ಕಾಣ್ತೈತೇನ್ರಿ?"

ಜನ ಬೀಡಿ ಯಾಕೆ ಸೇದುತ್ತಾರೆ ಎಂಬುದು ಡಾಕ್ಟರ ಕುತೂಹಲ. ನನ್ನ ಕುತೂಹಲ ಬೇರೆ. ವಾರವಾರ ಇಷ್ಟು ಮಾಲು ಒಳಗೆ ಬರುತ್ತಿದೆ, ಹೊರಗೆ ಮಾರಾಟವಿಲ್ಲ, ಆದರೂ ಡಬ್ಬಿ ತುಂಬುವುದಿಲ್ಲ. ಗೋದಾಮು ಇಟ್ಟವನಿಗೆ ಇಂಥದ್ದು ಕಣ್ಣಿಗೆ ಚುಚ್ಚುತ್ತದೆ. ಒಂದು ಸಂಜೆ ಮೇಲಿನ ಎರಡು ಕಟ್ಟುಗಳಿಗೆ ನಮ್ಮಲ್ಲಿಯ ಜೋರು ಖಾರದ ಪುಡಿಯನ್ನು ತೆಳ್ಳಗೆ ಸವರಿ ಬಂದೆ.

ಮರುದಿನ ದವಾಖಾನೆಗೆ ಬಂದ ಮೊದಲ ರೋಗಿ ಡಾಕ್ಟರ ಕಂಪೌಂಡರೇ. ತುಟಿ ಬೋಂಡಾದಂತೆ ಊದಿತ್ತು.

"ಡಾಕ್ಟ್ರೇ, ಬಾಯಿ ಉರ್ಯಾಕ ಹತ್ತೈತ್ರಿ."

ಡಾಕ್ಟರು ಡಬ್ಬಿ ನೋಡಿದರು, ನನ್ನನ್ನು ನೋಡಿದರು, ಅವನ ತುಟಿ ನೋಡಿದರು. ಅವನು ಮಾತ್ರ ತಲೆ ತಗ್ಗಿಸಲಿಲ್ಲ.

"ಊರ ಮಂದಿ ಎಲ್ಲಾ ಬಿಟ್ಟ ಕುಂತ್ರ, ಯಾರರ ಒಬ್ಬವ ಸೇದಬೇಕಲ್ರಿ! ಇಲ್ಲಾಂದ್ರ ಮಾಲು ಕೆಡತೈತಿ!"

ಅಂದಿನಿಂದ ಡಬ್ಬಿಗೆ ಬೀಗ ಬಿತ್ತು, ಬೀಗದ ಕೈ ಡಾಕ್ಟರ ಕಿಸೆ ಸೇರಿತು. ಕಂಪೌಂಡರಿಗೂ ದಿನಾ "ಇವತ್ತು?" ಶುರುವಾಯಿತು. ಸೋರಿಕೆ ಕಡಿಮೆಯಾಯಿತು, ಆದರೆ ಪೂರ್ತಿ ನಿಲ್ಲಲಿಲ್ಲ. ಇಲಿಯಿರಬೇಕೆಂದು ನಾನು ಬೋನು ಇಟ್ಟೆ. ಇಲಿ ಬೀಳಲಿಲ್ಲ. ಮತ್ತೊಮ್ಮೆ ಖಾರ ಸವರೋಣವೇ ಎಂದು ಡಾಕ್ಟರನ್ನು ಕೇಳಿದೆ.

"ಛೇ ಛೇ, ಬ್ಯಾಡ್ರಿ ಸಾವ್ಕಾರ್ರೆ," ಎಂದು ಅವರು ಗಾಬರಿಯಾದರು. "ಪಾಪ, ಇಲಿಗೂ ಜೀವ ಐತಿ."

ಅತ್ತೆಯ ಚುಟ್ಟಾ

ಕುರುಗೋಡಿನಲ್ಲಿ ಒಬ್ಬ ಅಜ್ಜಿ ಹೊಗೆಸೊಪ್ಪು ಸುರುಳಿ ಸುತ್ತಿದ ಚುಟ್ಟಾ ಸೇದುತ್ತಿದ್ದಳು. ಪ್ರಾಯದಲ್ಲಿ ಹತ್ತಿದ್ದು, ಹಲ್ಲು ಬಿದ್ದ ಮೇಲೂ ಬಿಟ್ಟಿರಲಿಲ್ಲ. ಉಬ್ಬಸ ಜೋರಾಗಿತ್ತು. ಡಾಕ್ಟರು ಪ್ರತಿ ಸಂತೆಗೂ ಕೇಳುವುದು, ಅವಳು ಪ್ರತಿ ಸಂತೆಗೂ ಬೈಯುವುದು.

"ಯವ್ವಾ, ಇವತ್ತು?"

"ಇವತ್ತೂ ಸೇದೀನಿ, ನಾಳೇನೂ ಸೇದ್ತೀನಿ. ನೀ ಬ್ಯಾರೆ ಏನರ ಕೇಳಪಾ, ಇದ ಒಂದ ಬರ್ತೈತೇನ ನಿನಗ?"

ಡಾಕ್ಟರು ಬೇಸರಪಟ್ಟುಕೊಳ್ಳಲಿಲ್ಲ. ಹಾಗೆ ಒಂದು ವರ್ಷ ಕೇಳಿದರು. ಒಂದು ಸಂತೆ ದಿನ ಅಜ್ಜಿ ತಾನಾಗಿ ಬಂದು, ಸೆರಗಿನ ಗಂಟು ಬಿಚ್ಚಿ, ಚುಟ್ಟಾಗಳನ್ನೆಲ್ಲ ಡಬ್ಬಿಗೆ ಸುರಿದಳು.

"ಬಿಟ್ಟೆ. ಎಂಟ ದಿನಾತು."

ಡಾಕ್ಟರಿಗೆ ಸಂತೋಷಕ್ಕಿಂತ ಆಶ್ಚರ್ಯವೇ ಹೆಚ್ಚು. ಇಷ್ಟು ದಿನ ತಮ್ಮ ಮಾತು ಒಳಗೆ ಇಳಿಯುತ್ತಿತ್ತು ಎಂದುಕೊಂಡರು. ಎದೆಗೆ ಕೊಳವೆ ಇಟ್ಟು ನೋಡಿ, ಉಸಿರು ಹಗುರಾಗಿದೆ ಎಂದರು. ಬೇರೆಯವರಿಗೂ ಹೇಳಲು ಬರುತ್ತದೆಂದು ಕೇಳಿದರು.

"ಯವ್ವಾ, ನಾ ಹೇಳಿದ್ದರಾಗ ಯಾವ ಮಾತು ನಿನ್ನ ಮನಸಿಗೆ ನಾಟಿತು?"

"ನಿಂದೇನ ನಾಟ್ತೈತಿ, ಬಿಡು. ನನ್ನ ಸೊಸಿ ಕದ್ದು ಸೇದಾಕ ಹತ್ಯಾಳ."

"ಅದಕ ನೀ ಯಾಕ ಬಿಟ್ಟಿ?"

ಅಜ್ಜಿ ನಮ್ಮಿಬ್ಬರನ್ನೂ ದಡ್ಡರನ್ನು ನೋಡುವಂತೆ ನೋಡಿದಳು.

"ಇಬ್ಬರೂ ಸೇದಿದ್ರ, ನಾ ಆಕಿನ್ನ ಯಾವ ಬಾಯಿಂದ ಬೈಲಿ?"

ಅಜ್ಜಿ ಮತ್ತೆಂದೂ ಚುಟ್ಟಾ ಮುಟ್ಟಲಿಲ್ಲ. ಬೈಯುವ ಕೆಲಸ ಮುಗಿದಿದ್ದರೆ ತಾನೆ?

ಘಾಟು

ನನ್ನ ಹುಣ್ಣು ನಿಧಾನವಾಗಿ ಮಾಯುತ್ತ ಬಂತು. ನಡುವೆ ಎರಡು ಸಲ ಮತ್ತೆ ಬೀಡಿಗೆ ಬಿದ್ದಿದ್ದೆ, ಒಮ್ಮೆ ಮಗಳ ಮದುವೆಯ ಗಡಿಬಿಡಿಯಲ್ಲಿ, ಒಮ್ಮೆ ಮೆಣಸಿನಕಾಯಿ ದರ ಬಿದ್ದಾಗ. ಎರಡೂ ಸಲ ಡಾಕ್ಟರು "ಆತು, ಏಳ್ರಿ" ಎಂದು ಮರುದಿನ ಮತ್ತೆ ಕೇಳಿದರು. ಆಮೇಲೆ ಬೀಳಲಿಲ್ಲ. ಹೆಬ್ಬೆರಳಿಗೆ ಹೊಸ ಚರ್ಮ ಬಂತು. ಒಂದು ದಿನ ಡಾಕ್ಟರು, "ನಾಳೆ ಊಟದ ಹೊತ್ತು ಮುಗಿದ ಮ್ಯಾಲೆ ಬರ್ರಿ. ಒಮ್ಮೆ ಪೂರಾ ನೋಡಿ, ಕಾಲು ನಿಮ್ಮ ಹೆಸರಿಗೆ ಮಾಡಿ ಕೊಡ್ತೀನಿ" ಎಂದರು.

ಅಪಾಯ ಬಂದದ್ದು ಅಲ್ಲಿಯೇ. ಕಾಲು ನನ್ನದಾಯಿತು ಎಂದ ಮೇಲೆ ಒಂದೇ ಒಂದು ಸೇದಿದರೆ ಏನಾದೀತು? ಇಷ್ಟು ದಿನದ ಮೇಲೆ ರುಚಿ ಹೇಗಿದ್ದೀತು? ಯಾವ ಮಾಲೇ ಆಗಲಿ, ಒಂದು ಹಿಡಿ ತೆಗೆದು ನಮೂನೆ ನೋಡುವುದು ನನ್ನ ಜಾತಿಗುಣ. ಕಿಸೆಯಲ್ಲಿ ಸಿರುಗುಪ್ಪದ ಗೌಡರು ಕೊಟ್ಟ ಬೀಡಿಯಂತೂ ಇದ್ದೇ ಇತ್ತು.

ಮರುದಿನ ಮಧ್ಯಾಹ್ನ ಹಮಾಲರೆಲ್ಲ ಬುತ್ತಿ ಬಿಚ್ಚಿ ಬೇವಿನ ನೆರಳಿಗೆ ಹೋಗಿದ್ದರು. ನಾನು ಹಿತ್ತಲ ಬಾಗಿಲಿನಿಂದ ಗೋದಾಮು ಹೊಕ್ಕೆ. ಹಗಲಲ್ಲೂ ಒಳಗೆ ಕತ್ತಲೆ. ಚೀಲದ ಸಾಲಿನ ಹಿಂದೆ ಹೋಗಿ ಬೀಡಿ ತುಟಿಗಿಟ್ಟು ಬೆಂಕಿಪೊಟ್ಟಣಕ್ಕೆ ಕೈ ಹಾಕಿದೆ. ಎದುರಿಗೆ ಒಂದು ಕೆಂಪು ಚುಕ್ಕೆ ಕಂಡಿತು. ಅದು ಒಮ್ಮೆ ಹೊಳೆಯಿತು, ಮಂದವಾಯಿತು, ಕೆಮ್ಮಿತು.

"ಯಾರಲೇ ಅವ?" ಎಂದೆ.

"ಯಾರದು?" ಎಂದಿತು ಚುಕ್ಕೆ.

ಧ್ವನಿ ನನಗೆ ಗೊತ್ತಿತ್ತು. ದಿನಾ ಮುಂಜಾನೆ ಕೇಳುವ ಧ್ವನಿ. ಚೀಲದ ಮೇಲೆ, ಕೊರಳಲ್ಲಿ ಎದೆ ನೋಡುವ ಕೊಳವೆ ಜೋತುಬಿಟ್ಟುಕೊಂಡೇ, ನಮ್ಮ ಡಾಕ್ಟರು ಕೂತಿದ್ದರು.

ಗಾಬರಿಯಲ್ಲಿ ಅವರ ಕೈಯಿಂದ ಬೀಡಿ ಜಾರಿ ಕೆಳಗಿನ ಮೆಣಸಿನಕಾಯಿ ಚೂರಿನ ಮೇಲೆ ಬಿತ್ತು. ಆರಿಸೋಣ ಎಂದು ನಾನು ಚಪ್ಪಲಿ ಕಾಲೆತ್ತಿದೆ.

"ಎಡಗಾಲು ಬ್ಯಾಡ್ರಿ! ಎಡಗಾಲು ಬ್ಯಾಡ!" ಎಂದು ಡಾಕ್ಟರು ಕೂಗಿದರು. ಸಿಕ್ಕಿಬಿದ್ದ ಹೊತ್ತಿನಲ್ಲೂ ಅವರಿಗೆ ಅದರದೇ ಚಿಂತೆ. ನಾನು ಕಾಲು ಬದಲಿಸುವಷ್ಟರಲ್ಲಿ ಬೀಡಿ ಉರುಳಿ ಎರಡು ಚೀಲದ ಸಂದಿ ಸೇರಿತು. ಗೋಣಿ ಕಪ್ಪಾಯಿತು, ಮೆಣಸಿನಕಾಯಿ ಕಮರತೊಡಗಿತು.

ಒಗ್ಗರಣೆಗೆ ಎರಡು ಕಾಯಿ ಹಾಕಿದರೆ ಮನೆಮಂದಿಯೆಲ್ಲ ಕೆಮ್ಮುತ್ತಾರೆ. ಚೀಲವೇ ಕಮರಿದರೆ ಏನಾದೀತು? ನಾವಿಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ಹೊರಗೆ ಬಂದೆವು. ನಮ್ಮ ಹಿಂದೆಯೇ ಘಾಟು ಬಂತು. ಹಿತ್ತಲು ದಾಟಿ ಓಣಿಗಿಳಿಯಿತು. ಹಮಾಲರು ಬುತ್ತಿ ಬಿಟ್ಟು ಎದ್ದರು. ಎದುರಿನ ಹೋಟೆಲಿನವನು ದೋಸೆ ಬಿಟ್ಟು ಓಡಿದ. ಕ್ಷೌರದಂಗಡಿಯಿಂದ ಒಬ್ಬ ಒಂದೇ ಕೆನ್ನೆಗೆ ಸಾಬೂನು ಹಚ್ಚಿಕೊಂಡು ಬೀದಿಗೆ ಬಂದ. ಹಮಾಲರು ಕಣ್ಣು ಮುಚ್ಚಿಕೊಂಡೇ ನೀರು ಸುರಿದು ಬೆಂಕಿ ಆರಿಸಿದರು. ಅಷ್ಟರಲ್ಲಿ ಇಡೀ ಓಣಿ ಕೆಮ್ಮುತ್ತ, ಸೀನುತ್ತ ದವಾಖಾನೆಗೆ ನುಗ್ಗಿತ್ತು. ಬಾಗಿಲಲ್ಲಿ ಕಂಪೌಂಡರು ಕೈ ಅಡ್ಡ ಹಿಡಿದಿದ್ದ.

"ಡಾಕ್ಟ್ರು ಊಟಕ್ಕ ಹೋಗ್ಯಾರ್ರಿ, ತಡೀರಿ!"

ಅವನ ಬೆನ್ನ ಹಿಂದೆ ಹಿತ್ತಲ ಬಾಗಿಲಿನಿಂದ ಡಾಕ್ಟರು ಒಳಗೆ ಬಂದರು. ಕಣ್ಣು, ಮೂಗು ಎಲ್ಲ ಸೋರುತ್ತಿತ್ತು. ಅವರ ಹಿಂದೆ ನಾನು. ನನ್ನನ್ನು ನೋಡಿದವರೆಲ್ಲ ಒಂದೇ ತೀರ್ಪು ಕೊಟ್ಟರು: "ಸಾವ್ಕಾರ ಕದ್ದು ಸೇದ್ಯಾನ!" ಗುಮಾಸ್ತನೂ ಜನರ ಜೊತೆಗೇ ತಲೆಯಾಡಿಸುತ್ತಿದ್ದ.

ಡಾಕ್ಟರು ಕುರ್ಚಿಯಲ್ಲಿ ಕುಸಿದರು. ಕಣ್ಣೊರೆಸಿಕೊಂಡು ನನ್ನ ಕಡೆ ನೋಡಿದರು. ಅಭ್ಯಾಸಬಲ, ಬಾಯಿಂದ ಬಂದೇ ಬಿಟ್ಟಿತು:

"ಇವತ್ತು?"

ನಾನು ಗೌಡರ ಬೀಡಿಯನ್ನು ತೆಗೆದು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟೆ. ತುದಿ ಸುಟ್ಟಿರಲಿಲ್ಲ.

"ಇಲ್ಲ ಡಾಕ್ಟ್ರೇ. ನಿಮ್ಮದು?"

ಡಾಕ್ಟರು ಸುಳ್ಳು ಹೇಳಲಿಲ್ಲ. ಕಿಸೆಯಿಂದ ಡಬ್ಬಿಯ ಬೀಗದ ಕೈ ತೆಗೆದು ನನ್ನ ಮುಂದಿಟ್ಟರು.

"ಸೇದೀನ್ರಿ. ಎಷ್ಟೋ ವರ್ಷದ ಹಿಂದ ಬಿಟ್ಟಿದ್ದೆ. ದಿನಾ ಡಬ್ಬಿ ತೆರದು ಮುಚ್ಚಿ, ವಾಸನಿ ಹಿಡದು ಹಿಡದು ಮತ್ತ ಹತ್ತಿತು. ಊರಿಗೆಲ್ಲಾ ನಾ ಕೇಳ್ತೀನಿ. ನನ್ನ ಒಬ್ಬರೂ ಕೇಳ್ಲಿಲ್ಲ ನೋಡ್ರಿ."

ಮೊದಲು ಬಾಯಿ ಬಂದದ್ದು ಕಂಪೌಂಡರಿಗೆ. ಎರಡೂ ಕೈ ಮೇಲೆತ್ತಿ ಕೂಗಿದ:

"ಹಂಗಾದ್ರ ಆ ಇಲಿ ನೀವೇನ್ರಿ!"

ಓಣಿಯೆಲ್ಲ ನಕ್ಕಿತು. ಕೆಮ್ಮಿ ಕೆಮ್ಮಿ ನಕ್ಕಿತು. ನಗು ಇಳಿದ ಮೇಲೆ ಡಾಕ್ಟರು ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಎಡಪಾದದ ಮೇಲೆ ಬೆರಳಿಟ್ಟು ಬಹಳ ಹೊತ್ತು ಹುಡುಕಿದರು. ಆಮೇಲೆ ನನ್ನ ಬೆರಳನ್ನೇ ಹಿಡಿದು ಅಲ್ಲಿಟ್ಟರು. ಟವೆಲಿನ ಕೆಳಗೆ ಗೌಡರ ಬೆರಳು ಒಪ್ಪಿದಾಗ ಆಗುವಂತೆ, ಮೆಲ್ಲಗೆ ಏನೋ ಮಿಡಿಯಿತು.

"ಮತ್ತ ಸೇದಾಕ ಹತ್ತಿದ್ರ ಇದು ಹೋಗಿರ್ತಿತ್ತು," ಎಂದರು. "ಇವತ್ತ ನೀವು ಹಚ್ಚೂದಕ್ಕಿಂತ ಮೊದಲ ನಾ ಹಚ್ಚಿದ್ದ ಛಲೋ ಆತು ನೋಡ್ರಿ."

ಡಬ್ಬಿಯನ್ನು ಅಂದೇ ಖಾಲಿ ಮಾಡಿಸಿದೆವು. ಮರುದಿನದಿಂದ ಮುಂಜಾನೆ ಅಂಗಡಿ ತೆರೆಯುವ ಹೊತ್ತಿಗೆ ಅವರು ಗೋಡೆಯಾಚೆಯಿಂದ "ಇವತ್ತು?" ಎನ್ನುತ್ತಿದ್ದರು, ನಾನು ಈಚೆಯಿಂದ "ಇಲ್ರಿ, ನಿಮ್ಮದು?" ಎನ್ನುತ್ತಿದ್ದೆ. ನಾನು ಅಂಗಡಿಯನ್ನು ಮಗನಿಗೆ ಬಿಡುವವರೆಗೂ ಇದು ಒಂದು ದಿನವೂ ತಪ್ಪಲಿಲ್ಲ.

ಕೊನೆಯ ಲೆಕ್ಕ ಹೇಳಿಬಿಡುತ್ತೇನೆ. ಹೋದದ್ದು, ಎರಡು ಚೀಲ ಒಳ್ಳೆಯ ಮೆಣಸಿನಕಾಯಿ. ಉಳಿದದ್ದು, ನಾಲ್ಕು ಕಾಲು. ನನ್ನವು ಎರಡು, ಡಾಕ್ಟರವು ಎರಡು.